ಎಡಗಡೆಯ ಕರಡಿ

ಕಾಗೆಬಂಡೆ, ಅಲಾಸ್ಕ
೧೩ ಮೇ ೧೯೮೪

ಪ್ರೀತಿಯ ಅಕ್ಕ,

ನಿನ್ನ ಮಗ ಬಂದು ಇಳಿದ. ನಿನ್ನ ಹೊಟ್ಟೆ ತಣ್ಣಗಿರಲಿ. ನಮ್ಮಲ್ಲಿ ಗಂಡುಮಗ ಅಪ್ಪನಿಗೆ ಸೇರಿದವನಲ್ಲ, ಸೋದರಮಾವನಿಗೆ ಸೇರಿದವನು. ಹತ್ತು ತುಂಬುತ್ತಲೇ ನನ್ನ ಮನೆಗೆ ಬರಬೇಕಾಗಿದ್ದ ಡೆಲ್ಬರ್ಟ್ ಇಪ್ಪತ್ತೆಂಟು ತುಂಬಿಸಿಕೊಂಡು, ಗಡ್ಡ ಬಿಟ್ಟುಕೊಂಡು, ಸಿಯಾಟಲಿನ ಹೊಳೆಯುವ ಬೂಟು ಹಾಕಿಕೊಂಡು ಬಂದಿದ್ದಾನೆ. ತಡವಾದರೂ ಬಂದನಲ್ಲ.

ಮೊದಲ ದಿನ ನನ್ನ ಬೋಟಿನಲ್ಲಿ ಹಿಮನದಿಯ ತನಕ ಕರೆದುಕೊಂಡು ಹೋದೆ. ಮೂವತ್ತಾರು ಪ್ರವಾಸಿಗರು ಮುಂದುಗಡೆ ನಿಂತು ತಿಮಿಂಗಿಲ ನೋಡುತ್ತಿದ್ದರೆ ಇವನು ಹಿಂದುಗಡೆ ಬಕೆಟ್ಟಿನೊಳಗೆ ಮುಖ ಇಟ್ಟಿದ್ದ. ಬೋಟಿನಲ್ಲಿ ಕಾಫಿ, ತಿಂಡಿ ನೋಡಿಕೊಳ್ಳುವ ಈಡಿತ್ ಬೆನ್ನು ತಟ್ಟಿ, "ಏನಪ್ಪಾ, ಸಾಲ್ಮನ್ ಕುಲದಲ್ಲಿ ಹುಟ್ಟಿ ಅಲೆ ಕಂಡ್ರೆ ವಾಂತಿ ಮಾಡ್ತೀಯಲ್ಲ, ನಿಮ್ಮಜ್ಜಿ ಕೇಳಿದ್ರೆ ಎದ್ದು ಬರ್ತಾಳೆ" ಎಂದಳು. "ಬರೋದಾದ್ರೆ ಒಂದು ನಿಂಬೆಹಣ್ಣು ತರೋಕೆ ಹೇಳಿ" ಎಂದ, ತಲೆ ಎತ್ತದೆ. ನಾಲಿಗೆ ನಿನ್ನದೇ, ಅನುಮಾನವಿಲ್ಲ.

ನನ್ನ ಕೆಲಸ ಅವನಿಗೆ ಹಿಡಿಸಲಿಲ್ಲ. "ಮಾವ, ದಿನಾ ಅದೇ ಐಸಿನ ಹತ್ರ ಹೋಗ್ತೀಯ, ಅದೇ ಸೀಲು ತೋರಿಸ್ತೀಯ, ವಾಪಸ್ ಬರ್ತೀಯ. ನಂಗೆ ಏಡಿ ಹಿಡಿಯೋದು ಕಲಿಸು" ಎಂದ. ನನ್ನ ಹಳೆಯ ಸಣ್ಣ ದೋಣಿ ಕೊಟ್ಟೆ. ಈಗ ಒಬ್ಬನೇ ಬುಟ್ಟಿ ಇಳಿಸುತ್ತಾನೆ, ಎತ್ತುತ್ತಾನೆ, ಬೆರಳು ಕಚ್ಚಿಸಿಕೊಂಡು ಬರುತ್ತಾನೆ.

ಪ್ರವಾಸಿಗರ ಕಥೆ ಕೇಳಬೇಡ. ನಿನ್ನೆ ಒಬ್ಬಾಕೆ, "ಕ್ಯಾಪ್ಟನ್, ಈ ಐಸು ಎಷ್ಟು ಗಂಟೆಗೆ ಬೀಳುತ್ತೆ?" ಎಂದಳು. "ಹನ್ನೊಂದೂವರೆಗೆ ಅಮ್ಮ, ಆದ್ರೆ ಇವತ್ತು ಅದಕ್ಕೆ ರಜಾ" ಎಂದೆ. ಹಿಮನದಿಯ ಎದುರು ಎಂಜಿನ್ ನಿಲ್ಲಿಸಿ, "ಇನ್ನು ಯಾರೂ ಮಾತಾಡಬೇಡಿ, ಅದಕ್ಕೆ ಕಿವಿ ಇದೆ" ಎನ್ನುತ್ತೇನೆ. ಎಲ್ಲರೂ ನಗುತ್ತಾರೆ. ನಾನು ತಮಾಷೆಗೆ ಹೇಳುತ್ತೇನೆ ಎಂದುಕೊಂಡಿದ್ದಾರೆ.

ಅಕ್ಟೋಬರಿನಲ್ಲಿ ಊರಿನವರನ್ನೆಲ್ಲ ಕರೆದು ಊಟ ಹಾಕಿ, ನಮ್ಮ ಮಾವ ನನಗೆ ಕೊಟ್ಟ ಹೆಸರನ್ನು ಡೆಲ್ಬರ್ಟನಿಗೆ ಕೊಡುತ್ತೇನೆ. ನನಗೆ ಮಕ್ಕಳಿಲ್ಲ. ಇವನು ಬರದಿದ್ದರೆ ಆ ಹೆಸರು ನನ್ನ ಜೊತೆಗೇ ಮಣ್ಣಾಗುತ್ತಿತ್ತು. ಆಗ ನೀನು ಬರಲೇಬೇಕು.

ನಿನ್ನ ತಮ್ಮ
ಸೈರಸ್


ಸಿಯಾಟಲ್
೨೫ ಮೇ ೧೯೮೪

ಪ್ರೀತಿಯ ಸೈರಸ್,

ನೀನು ಪತ್ರ ಬರೆಯದಿದ್ದರೂ ನನಗೆ ನಿನ್ನ ಸುದ್ದಿ ಸಿಗುತ್ತದೆ. ನಾನು ಕೆಲಸ ಮಾಡುವ ಫೋಟೋ ತೊಳೆಯುವ ಕಾರ್ಖಾನೆಗೆ ಬೇಸಿಗೆ ಬಂತೆಂದರೆ ಅಲಾಸ್ಕದ ರೀಲುಗಳೇ. ನನ್ನ ಮೇಜಿನ ಮೇಲೆ ದಿನಕ್ಕೆ ನಲವತ್ತು ಹಿಮನದಿ, ಅರವತ್ತು ತಿಮಿಂಗಿಲದ ಬಾಲ ಹಾದುಹೋಗುತ್ತವೆ. ಬಣ್ಣ ಸರಿ ಬಂದಿದೆಯೇ ಎಂದು ನೋಡಿ ಲಕೋಟೆಗೆ ಹಾಕುವುದು ನನ್ನ ಕೆಲಸ. ನಿನ್ನ ಬೋಟಿನ ಕಂಬಿಗೆ ಕಟ್ಟಿದ ಕಿತ್ತಳೆ ಬಣ್ಣದ ಚೆಂಡುಗಳಿಂದಲೇ ನನಗೆ ಗುರುತು ಸಿಗುತ್ತದೆ. ಹೋದ ವಾರ ಮೂರು ಫೋಟೋಗಳಲ್ಲಿ ನಿನ್ನ ಬೋಳುತಲೆ ಬಂದಿತ್ತು. ಟೋಪಿ ಹಾಕು ಮಾರಾಯ, ಬೆಳಕು ಹೊಡೆದು ಫೋಟೋ ಕೆಡುತ್ತದೆ.

ಹೆಸರು ಕೊಡುವ ವಿಷಯ ಓದಿ ಖುಷಿಯಾಯಿತು. ಹಾಗೇ ಹೆದರಿಕೆಯೂ ಆಯಿತು. ನಮ್ಮ ಅಣ್ಣನನ್ನು ಆ ನೀರು ಕೊಂಡುಹೋಗಿ ಹೆಣವನ್ನೂ ಹಿಂದಿರುಗಿಸಲಿಲ್ಲ ಎಂದೇ ಅಲ್ಲವೇ ನಾನು ಎರಡು ವರ್ಷದ ಮಗುವನ್ನು ಎತ್ತಿಕೊಂಡು ಊರು ಬಿಟ್ಟದ್ದು? ಈಗ ಅವನೇ ಹೋಗುತ್ತೇನೆ ಎಂದ, ತಡೆಯಲಾಗಲಿಲ್ಲ. ಒಬ್ಬನನ್ನೇ ದೂರ ಬಿಡಬೇಡ. ನನಗಿರುವುದು ಅವನೊಬ್ಬ.

ಅಕ್ಕ
ವಿನಿಫ್ರೆಡ್


ಕಾಗೆಬಂಡೆ
೧೩ ಜೂನ್

ಪ್ರೀತಿಯ ಅಕ್ಕ,

ನೀನು ವಿಮಾನ ಹತ್ತಿ ಎರಡು ದಿನವಾಯಿತು. ಇಲ್ಲಿದ್ದ ಐದು ದಿನವೂ ನೀನು ನನ್ನನ್ನು ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಜೂನ್ ಐದರಂದು ಅವನು ಬುಟ್ಟಿ ಎತ್ತಲು ಹೊರಟಾಗ ನಾನು ಹೊಗೆಮನೆಯಲ್ಲಿ ಒಣಗಲು ತೂಗಿದ ಮೀನು ತಿರುಗಿಸುತ್ತಿದ್ದೆ. "ಮಾವ, ಸಂಜೆಗೆ ಏಡಿ, ಬೆಣ್ಣೆ ಕರಗಿಸಿಟ್ಟಿರು" ಎಂದ. ನಾನು ತಿರುಗಿ ಕೂಡ ನೋಡಲಿಲ್ಲ. ಮರುದಿನ ಸೀಲುಗಳ ಬಂಡೆಯ ಹತ್ತಿರ ದೋಣಿ ಮಗುಚಿಕೊಂಡು ಸಿಕ್ಕಿತು. ನಾಲ್ಕು ದಿನ ಹೆಲಿಕಾಪ್ಟರ್ ಹಾರಿದ್ದನ್ನು, ಊರಿನ ಹನ್ನೊಂದು ದೋಣಿ ಹುಡುಕಿದ್ದನ್ನು ನೀನೇ ನೋಡಿದೆ. ಐಸು ತೇಲುವ ಈ ನೀರಿನಲ್ಲಿ ಮನುಷ್ಯನಿಗೆ ಹತ್ತು ನಿಮಿಷದ ಆಯಸ್ಸು. ಅದನ್ನು ಯಾರೂ ನಿನ್ನ ಎದುರು ಹೇಳಲಿಲ್ಲ, ಅಷ್ಟೇ.

ಅವನ ಅಪ್ಪನ ಕುಲದವರು ನಿನ್ನೆ ಬಂದರು. ಸಾವಿನ ಕೆಲಸ ಪದ್ಧತಿಯಂತೆ ತಮ್ಮದು, ನಾವು ಸುಮ್ಮನೆ ಕೂತು ಅಳಬೇಕು ಎಂದರು. ಅವರಲ್ಲಿ ಹಿರಿಯಳಾದ ಎಸ್ತರಮ್ಮ ನನ್ನ ಕಿವಿಯ ಹತ್ತಿರ ಬಾಯಿ ತಂದು, "ಹೆಣ ಸಿಗದೋನಿಗೆ ಅಳೋದಲ್ಲ ಸೈರಸ್, ಅವನಿಗೆ ಹೆದರೋದು. ನೀರು ಹಿಂದಕ್ಕೆ ಕೊಡದೇ ಇದ್ದೋರನ್ನ ನೀರುನಾಯಿ ಮನುಷ್ಯರು ಕರ್ಕೊಂಡು ಹೋಗ್ತಾರೆ. ಆಮೇಲೆ ಅವನು ಅವನಾಗಿರಲ್ಲ. ಅವನ ಮುಖ ಇಟ್ಕೊಂಡು ದಡದಲ್ಲಿ ನಿಂತು ಕರೀತಾನೆ. ಹೋದೋರು ಬರಲ್ಲ" ಎಂದಳು. ನಮ್ಮಜ್ಜಿ ಇದೇ ಮಾತು ಹೇಳುತ್ತಿದ್ದದ್ದು ನಿನಗೂ ನೆನಪಿದೆ. ಅಣ್ಣ ಹೋದ ಮೇಲೆ ಒಂದು ವರ್ಷ ನಮ್ಮನ್ನು ದಡಕ್ಕೆ ಬಿಟ್ಟಿರಲಿಲ್ಲ.

ನಾಳೆಯಿಂದ ಮತ್ತೆ ಪ್ರವಾಸಿಗರು. ಕಂಪನಿಯವರು ಇನ್ನು ಕಾಯುವುದಿಲ್ಲ.

ಸೈರಸ್


ಕಾಗೆಬಂಡೆ
೧೭ ಜೂನ್

ಅಕ್ಕ,

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿನ್ನೆ ಹದಿನೈದು ಸೀಲು, ಒಂದು ತಿಮಿಂಗಿಲ, ಒಂದು ಕರಡಿ. ಜನ ಖುಷಿಪಟ್ಟರು.

ದಾರಿ ಬದಲಾಯಿಸಿದ್ದೇನೆ. ಇಷ್ಟು ದಿನ ಹೋಗುತ್ತಿದ್ದ, ಗುಡ್ಡಗಳ ನಡುವೆ ಕಡಲು ಚಾಚಿದ ಖಾರಿಯೊಳಗೆ ಐಸು ಬಹಳ ಕಟ್ಟಿಕೊಂಡಿದೆ. ಇನ್ನು ತೆಂಕಣದ ಹಿಮನದಿಗೆ ಕರೆದುಕೊಂಡು ಹೋಗುತ್ತೇನೆ. ಅದು ಚಿಕ್ಕದು, ಆದರೆ ನೀಲಿ ಹೆಚ್ಚು. ಕಂಪನಿಯವರು ಒಪ್ಪಿದರು.

ನಿನ್ನ ಹತ್ತಿರ ಅಜ್ಜಿಯ ತಾಮ್ರದ ಬಳೆ ಇದೆಯಲ್ಲ, ಅದನ್ನು ಹಾಕಿಕೋ, ಸ್ನಾನಕ್ಕೂ ತೆಗೆಯಬೇಡ. ಯಾರಾದರೂ ಹೊರಗಿನಿಂದ ಅವನ ದನಿಯಲ್ಲಿ ಕರೆದರೆ ಓಗೊಡಬೇಡ. ಯಾಕೆ ಎಂದು ಕೇಳಬೇಡ. ನನಗಾಗಿ ಇಷ್ಟು ಮಾಡು.

ಸೈರಸ್


ಸಿಯಾಟಲ್
೨೬ ಜೂನ್

ಪ್ರೀತಿಯ ಸೈರಸ್,

ಮತ್ತೆ ಕುಡಿಯಲು ಶುರುಮಾಡಿದೆಯಾ? ನಿಜ ಹೇಳು, ಬೈಯುವುದಿಲ್ಲ. ನಿನ್ನ ಪತ್ರ ಓದಿ ಮೊದಲು ಕೋಪ ಬಂತು, ಆಮೇಲೆ ಅಳು ಬಂತು. ಅವನ ದನಿಯಲ್ಲಿ ಯಾರಾದರೂ ಕರೆಯಲಿ ಎಂದು ನಾನು ಕಾದು ಕೂತಿದ್ದೇನೆ, ನೀನು ಓಗೊಡಬೇಡ ಎನ್ನುತ್ತೀಯ. ಬಳೆ ಪೆಟ್ಟಿಗೆಯಲ್ಲಿದೆ, ಅಲ್ಲೇ ಇರಲಿ.

ಕಾರ್ಖಾನೆಯಲ್ಲಿ ನನಗೆ ನೀರು ನೋಡಲಾಗಲಿಲ್ಲ. ನಮ್ಮ ಮೇಲ್ವಿಚಾರಕ ಒಳ್ಳೆಯವನು, ಮದುವೆ ಫೋಟೋಗಳ ಮೇಜಿಗೆ ಹಾಕಿದ. ಅಲ್ಲಿ ಎಲ್ಲರ ಮಕ್ಕಳೂ ನಗುತ್ತಿರುತ್ತಾರೆ. ಅದಕ್ಕಿಂತ ಐಸೇ ವಾಸಿ ಎಂದು ನಾಲ್ಕೇ ದಿನಕ್ಕೆ ಹಳೆಯ ಮೇಜಿಗೆ ಬಂದೆ.

ನನಗೊಂದು ಉಪಕಾರ ಮಾಡು. ಅವನು ಕೊನೆಗೆ ಹೋದದ್ದು ಆ ಖಾರಿಗೆ. ಐಸು ಕಟ್ಟಿದ್ದರೂ ನಿನ್ನಂಥವನಿಗೆ ಒಂದು ದಿನ ನುಗ್ಗಿ ಬರುವುದು ಕಷ್ಟವಲ್ಲ. ಒಳಗಿನ ದಡದಲ್ಲಿ ಬೆಂಕಿ ಮಾಡಿ, ಒಂದು ತಟ್ಟೆ ಊಟ ಅದಕ್ಕೆ ಹಾಕು, ಅವನ ಹೆಸರು ಹೇಳು. ಬೆಂಕಿಗೆ ಹಾಕಿದ್ದು ಸತ್ತವರಿಗೆ ಮುಟ್ಟುತ್ತದೆ ಎಂದು ಹಿರಿಯರು ಹೇಳಿದ ಎಲ್ಲದರಲ್ಲಿ ಅದೊಂದನ್ನು ನಾನು ಈಗಲೂ ನಂಬುತ್ತೇನೆ. ನನ್ನ ಮಗ ಹಸಿದಿದ್ದಾನೆ ಎಂದು ದಿನಾ ಅನ್ನಿಸುತ್ತದೆ. ಕಾರಣ ಗೊತ್ತಿಲ್ಲ, ಅನ್ನಿಸುತ್ತದೆ.

ಅಕ್ಕ


ಕಾಗೆಬಂಡೆ
೪ ಜುಲೈ

ಪ್ರೀತಿಯ ಅಕ್ಕ,

ನೀನು ಹೇಳಿದ್ದನ್ನು ಮಾಡಿದೆ. ಮೊನ್ನೆ ಒಬ್ಬನೇ ಹೋಗಿದ್ದೆ. ಸೀಡರ್ ಕಟ್ಟಿಗೆಯ ಬೆಂಕಿ ಮಾಡಿ, ಹೊಗೆಯಲ್ಲಿ ಒಣಗಿಸಿದ ಸಾಲ್ಮನ್, ಸೀಲಿನ ಎಣ್ಣೆ, ಕಪ್ಪು ಕಡಲಪಾಚಿ, ಅವನಿಗೆ ಇಷ್ಟವಾದ ಹುರಿದ ಆಲೂಗಡ್ಡೆ, ಕಾಫಿಗೆ ಮೂರು ಚಮಚ ಸಕ್ಕರೆ, ಎಲ್ಲ ಹಾಕಿದೆ. ಹೊಗೆ ನೆಟ್ಟಗೆ ಮೇಲಕ್ಕೆ ಹೋಯಿತು. ಅವನಿಗೆ ಮುಟ್ಟಿದೆ. ಇನ್ನು ಆ ಯೋಚನೆ ಬಿಡು.

ಕುಡಿಯುತ್ತಿಲ್ಲ.

ಸೈರಸ್


ಸಿಯಾಟಲ್
೧೨ ಜುಲೈ

ಸೈರಸ್,

ಇದರ ಜೊತೆ ಎರಡು ಫೋಟೋ ಇವೆ. ಮೊದಲು ಅವುಗಳನ್ನು ನೋಡು, ಆಮೇಲೆ ಓದು.

ಇವತ್ತು ಬೆಳಿಗ್ಗೆ ಯಾರೋ ಒಬ್ಬ ಮುದುಕನ ರೀಲು ನನ್ನ ಮೇಜಿಗೆ ಬಂತು. ಮೂವತ್ತಾರು ಚಿತ್ರ. ಕಿತ್ತಳೆ ಚೆಂಡು ಕಂಡಿತು, ನಿನ್ನ ಬೋಟು ಎಂದುಕೊಂಡೆ. ಇಪ್ಪತ್ತೆರಡನೆಯದು ಖಾರಿಯೊಳಗಿನ ಹಿಮನದಿ. ಇಪ್ಪತ್ತಮೂರನೆಯದು ದಡದ ಕಲ್ಲುಗಳ ಮೇಲೆ ಕಂದು ಬಣ್ಣದ ಕರಡಿ. ದಿನಕ್ಕೆ ಇಪ್ಪತ್ತು ಕರಡಿ ನೋಡುವವಳು ನಾನು, ಲಕೋಟೆಗೆ ಹಾಕಿಬಿಡುವವಳಿದ್ದೆ. ಕರಡಿ ಎರಡೂ ಕೈ ಮೇಲೆತ್ತಿತ್ತು. ಭೂತಗನ್ನಡಿ ಇಟ್ಟು ನೋಡಿದೆ.

ಸೈರಸ್, ಕರಡಿ ಸ್ವೆಟರ್ ಹಾಕಿಕೊಂಡಿದೆ. ಹೊದ್ದ ಚರ್ಮದ ಕೆಳಗೆ ಹಳದಿ ಪಟ್ಟಿ ಕಾಣುತ್ತದೆ. ಎಡತೋಳಿನ ಪಟ್ಟಿಗೆ ನೂಲು ಸಾಲದೆ ಹಸಿರು ಸೇರಿಸಿದ್ದೆ. ಅದೂ ಕಾಣುತ್ತದೆ. ಅದನ್ನು ಹೆಣೆದವಳು ನಾನು.

ನಾನು ಕಿರುಚಿದೆನಂತೆ. ನನಗೆ ಗೊತ್ತಿಲ್ಲ. ಯಂತ್ರಗಳನ್ನೆಲ್ಲ ನಿಲ್ಲಿಸಿದರು.

ಎರಡನೆಯ ಫೋಟೋ ಅದರ ಮುಂದಿನದು. ಆ ಮುದುಕ ದಡದ ಕಡೆಯಿಂದ ಹಿಂದಕ್ಕೆ ತಿರುಗಿ ಬೋಟಿನ ಕ್ಯಾಬಿನ್ನಿನ ಚಿತ್ರ ತೆಗೆದಿದ್ದಾನೆ. ಗಾಜಿನ ಹಿಂದೆ ನೀನಿದ್ದೀಯ. ದುರ್ಬೀನು ಕಣ್ಣಿಗೆ ಹಚ್ಚಿ ಆ ದಡದ ಕಡೆಗೇ ನೋಡುತ್ತಿದ್ದೀಯ.

ಮನೆಗೆ ಬಂದು ನಿನ್ನ ಹಳೆಯ ಪತ್ರ ತೆಗೆದೆ. ಹದಿನೇಳನೆಯ ತಾರೀಕಿನದು. ನಿನ್ನೆ ಒಂದು ಕರಡಿ, ಜನ ಖುಷಿಪಟ್ಟರು ಎಂದು ಬರೆದಿದ್ದೀಯ. ದಾರಿ ಬದಲಾಯಿಸಿದ್ದೇನೆ ಎಂದೂ ಬರೆದಿದ್ದೀಯ. ಹನ್ನೊಂದನೆಯ ದಿನ ನನ್ನ ಮಗ ಬದುಕಿದ್ದ, ಕೈ ಎತ್ತಿ ನಿಂತಿದ್ದ, ನೀನು ನೋಡಿದೆ.

ಹುಡುಕುವವರಿಗೆ ಫೋನು ಮಾಡಿದ್ದೇನೆ. ನಿನ್ನ ಊರಿನ ಅಂಗಡಿಗೂ ಮಾಡಿ, ಆ ಖಾರಿಗೆ ಈಗಲೇ ಹೋಗು ಎಂದು ನಿನಗೆ ತಿಳಿಸಲು ಹೇಳಿದ್ದೇನೆ. ನಿನ್ನನ್ನು ಫೋನಿಗೆ ಕರೆಯಲಿಲ್ಲ, ಬೇಕೆಂದೇ ಕರೆಯಲಿಲ್ಲ. ಬಾಯಿಮಾತು ಬೇಡ. ಯಾಕೆ ತಿರುಗಿ ಹೋದೆ ಎಂದು ಬರೆದು ಕಳಿಸು. ಸುಳ್ಳು ಹೇಳಿದರೆ ಅದು ನನ್ನ ಕೈಯಲ್ಲಿ ಇರಬೇಕು.

ಬೆಂಕಿಗೆ ಊಟ ಹಾಕಿದೆನೆಂದು ಬರೆದೆಯಲ್ಲ, ಮೂರು ಚಮಚ ಸಕ್ಕರೆ! ನೀನು ಹೋಗಲೇ ಇಲ್ಲ ಅಲ್ಲವೇ?

ವಿನಿಫ್ರೆಡ್


ಕಾಗೆಬಂಡೆ
೧೭ ಜುಲೈ

ಅಕ್ಕ,

ಹೋಗಲಿಲ್ಲ. ಬೆಂಕಿ ಹಾಕಲಿಲ್ಲ. ಎಲ್ಲ ಸುಳ್ಳು.

ಜೂನ್ ಹದಿನಾರರ ಬೆಳಿಗ್ಗೆ ಹನ್ನೊಂದರ ಹೊತ್ತು. ಹಿಮನದಿಯ ಎದುರು ಎಂಜಿನ್ ನಿಲ್ಲಿಸಿ, ಮಾತಾಡಬೇಡಿ ಎಂದೆ. ಅವತ್ತು ಎಲ್ಲರೂ ನಿಜವಾಗಿಯೂ ಸುಮ್ಮನಾದರು. ಆಗ ಎಡಗಡೆಯ ದಡದಿಂದ ಶಿಳ್ಳೆ ಕೇಳಿಸಿತು. ಎರಡು ಉದ್ದ, ಒಂದು ಗಿಡ್ಡ. ನೀರುನಾಯಿ ಮನುಷ್ಯರು ಮಾತಾಡುವುದಿಲ್ಲ, ಶಿಳ್ಳೆ ಹಾಕುತ್ತಾರೆ. ದಡದಲ್ಲಿ ನಿಂತು ಬೋಟಿನವರಿಗೆ ಶಿಳ್ಳೆ ಹಾಕುವ ಮನುಷ್ಯ ನಮ್ಮ ಊರಿನಲ್ಲಿ ಒಬ್ಬನೂ ಇಲ್ಲ. ಮಕ್ಕಳಿಗೆ ಮಾತು ಬರುವ ಮೊದಲೇ ಅದನ್ನು ಕಲಿಸುತ್ತೇವೆ.

ದುರ್ಬೀನು ಎತ್ತಿದೆ. ಮೈಮೇಲೆ ಚರ್ಮ, ತಲೆಯಲ್ಲಿ ಪಾಚಿ, ತುಟಿ ಆಡುತ್ತಿದೆ, ದನಿ ಇಲ್ಲ. ಮುಖ ಡೆಲ್ಬರ್ಟನದು. ಗುರುತು ಸಿಗಲಿಲ್ಲ ಎಂದು ಬರೆದರೆ ಈಗ ಸುಲಭವಾಗುತ್ತಿತ್ತು. ಗುರುತು ಸಿಕ್ಕಿತು. ಅಷ್ಟು ಚೆನ್ನಾಗಿ ಅವನದೇ ಮುಖ ಆಗಿದ್ದಕ್ಕೇ ನಾನು ಹೆದರಿದ್ದು. ಹತ್ತು ನಿಮಿಷಕ್ಕೆ ಸಾಯುವ ನೀರಿಗೆ ಬಿದ್ದವನು ಹನ್ನೊಂದನೆಯ ದಿನ ನಿಂತು ಕರೆಯುತ್ತಿದ್ದಾನೆ ಎಂದರೆ ಅವನು ಅವನಲ್ಲ. ಹತ್ತಿರ ಹೋದರೆ ನನ್ನ ಜೊತೆ ಮೂವತ್ತಾರು ಜನ ಹೋಗುತ್ತಾರೆ. ಹಾಗೆಂದು ನನ್ನ ತಲೆ ಹೇಳಿತು. ತಲೆಯೋ, ಅಜ್ಜಿಯೋ.

ಯಾರೋ, "ಕ್ಯಾಪ್ಟನ್, ಅಲ್ಲೇನೋ ಇದೆ, ಏನದು?" ಎಂದರು. ಮೈಕು ಕೈಯಲ್ಲೇ ಇತ್ತು. "ಎಡಗಡೆ ಕರಡಿ" ಎಂದೆ. "ಅಯ್ಯೋ, ಎರಡು ಕಾಲ ಮೇಲೆ ನಿಂತಿದೆ ನೋಡ್ರೀ!" ಎಂದು ಒಬ್ಬಾಕೆ ಕೂಗಿದಳು. "ನಿಲ್ಲುತ್ತವೆ" ಎಂದೆ. ಎಲ್ಲರೂ ಎಡಗಡೆಯ ಕಂಬಿಗೆ ಓಡಿದರು. ಅದು ಕೈ ಎತ್ತಿತಲ್ಲ, ಇವರೂ ಕೈ ಬೀಸಿದರು. ಅಕ್ಕ, ಅವನಿಗೆ ಮೂವತ್ತಾರು ಜನ ನಗುತ್ತಾ ಕೈ ಬೀಸಿದರು. ನಾನು ಎಂಜಿನ್ ಶುರುಮಾಡಿ ತಿರುಗಿಸಿದೆ. ಈಡಿತ್ ಕೆಳಗೆ ಕಾಫಿ ಮಾಡುತ್ತಿದ್ದಳು, ಅವಳಿಗೆ ಏನೂ ಗೊತ್ತಿಲ್ಲ.

ಅಂಗಡಿಯವನು ನಿನ್ನ ಸುದ್ದಿ ಹೇಳಿದ ಕ್ಷಣ ಹೋದೆ. ಪ್ರವಾಸಿಗರನ್ನು ಕಟ್ಟೆಯ ಮೇಲೇ ಬಿಟ್ಟು ಹೋದೆ. ಖಾರಿಯಲ್ಲಿ ಐಸು ಕಟ್ಟಿರಲಿಲ್ಲ. ಕನ್ನಡಿಯ ಹಾಗೆ ತೆರವಾಗಿತ್ತು.

ದಡದಲ್ಲಿ ಬೂದಿ ಇದೆ. ತಿಂದು ಬಿಸಾಕಿದ ಚಿಪ್ಪುಗಳ ರಾಶಿ, ಕೊಂಬೆಗಳನ್ನು ಒರಗಿಸಿ ಮಾಡಿದ ಒಂದು ಗೂಡು. ಅವನಿಲ್ಲ. ಉಬ್ಬರ ಮುಟ್ಟದ ಎತ್ತರದಲ್ಲಿ ಬಿಳಿ ಕಲ್ಲುಗಳನ್ನು ಆಯ್ದು ಜೋಡಿಸಿ ಏನೋ ಬರೆದಿದ್ದಾನೆ. ಒಂದೊಂದು ಅಕ್ಷರ ನನ್ನಷ್ಟು ಉದ್ದ. ಬೋಟಿನಿಂದ ಓದಲು ಬರಲಿ ಎಂದು ಬರೆದದ್ದು. ಡೆಲ್ಬರ್ಟ್ ಎಂದು ತನ್ನ ಹೆಸರು ಬರೆದಿದ್ದಾನೆ. ಮಾವನಿಗೆ ನನ್ನ ಗುರುತು ಸಿಗಲಿಲ್ಲ, ನಾಳೆ ಬಂದಾಗ ಓದಲಿ ಎಂದು.

ಆ ನಾಳೆ ನಾನು ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ.

ಹುಡುಕುವವರು ಗುಡ್ಡದ ಮೇಲೆ ನಾಯಿ ಬಿಟ್ಟಿದ್ದಾರೆ. ನಾನು ಅವರ ಜೊತೆ ಇದ್ದೇನೆ. ಇದಕ್ಕಿಂತ ಬರೆಯಲು ನನಗೆ ಆಗುವುದಿಲ್ಲ. ನೀನು ಏನು ಮಾಡಿದರೂ ಸರಿ.

ಸೈರಸ್


ಸಿಯಾಟಲ್
೧೯ ಜುಲೈ

ಸೈರಸ್,

ಅವನು ಬದುಕಿದ್ದಾನೆ.

ಇಷ್ಟು ಬರೆದು ಅರ್ಧ ಗಂಟೆ ಪೆನ್ನು ಹಿಡಿದು ಕೂತಿದ್ದೆ. ಅಂಗಡಿಗೆ ಫೋನು ಮಾಡಿ ಹುಡುಕುವುದು ನಿಲ್ಲಿಸಿ ಎಂದಿದ್ದೇನೆ, ನಿನಗೆ ಇಷ್ಟರಲ್ಲೇ ಮುಟ್ಟಿರುತ್ತದೆ. ಉಳಿದದ್ದನ್ನು ಕೇಳು.

ನಿನ್ನೆ ಮಧ್ಯಾಹ್ನ ಫೋನು ಬಂತು. ಮೊದಲು ಉಸಿರಷ್ಟೇ ಕೇಳಿಸಿತು. ಆಮೇಲೆ, "ಅಮ್ಮಾ, ನಾನು" ಎಂದ. ದನಿ ಅವನದಲ್ಲ, ಒಡೆದ ಮಡಕೆಯ ಹಾಗಿತ್ತು. ನೆಲದ ಮೇಲೇ ಕೂತೆ. ನಿನ್ನ ಮಾತು ಆಗ ನೆನಪಾಯಿತು, ಓಗೊಡಬೇಡ ಎಂದದ್ದು. ಒಂದು ಕ್ಷಣ, ಒಂದೇ ಕ್ಷಣ, ನಾನೂ ಸುಮ್ಮನಿದ್ದೆ. ಇದನ್ನು ಯಾರಿಗೂ ಹೇಳಲಾರೆ, ನಿನಗೆ ಹೇಳುತ್ತಿದ್ದೇನೆ. ಆಮೇಲೆ, "ಎಲ್ಲಿದ್ದೀಯೋ ಕಂದಾ" ಎಂದೆ.

ಕೆನಡಾದ ಒಂದು ಆಸ್ಪತ್ರೆಯಲ್ಲಿದ್ದಾನೆ. ಐಸು ಕಳಚಿ ಬಿದ್ದ ಅಲೆಗೆ ದೋಣಿ ಮಗುಚಿತಂತೆ. ಅದರ ಬೆನ್ನು ಹಿಡಿದು ಹೇಗೋ ದಡ ಸೇರಿದ, ದೋಣಿ ಮಾತ್ರ ಇಳಿತಕ್ಕೆ ಹೋಯಿತು. ಪಾದ ಮುರಿದಿತ್ತು. ಗುಡ್ಡದ ಆ ಬದಿಯಿಂದ ಹತ್ತು ದಿನ ತೆವಳಿಕೊಂಡು, ಸತ್ತ ಸೀಲಿನ ಚರ್ಮ ಸುಲಿದು ಹೊದ್ದುಕೊಂಡು, ನಿನ್ನ ಬೋಟು ದಿನಾ ಬರುವ ದಡಕ್ಕೆ ಬಂದ. ಕೂಗಿ ಕೂಗಿ ಗಂಟಲು ಹೋಗಿತ್ತು. ಜುಲೈ ಒಂದಕ್ಕೆ ಕೆನಡಾದ ಮೀನು ಹಿಡಿಯುವ ಬೋಟೊಂದು ಹೊಗೆ ನೋಡಿ ಒಳಗೆ ಬಂದು ಎತ್ತಿಕೊಂಡು ಹೋಯಿತು. ಬಲಗಾಲಿನ ಮೂರು ಬೆರಳು ತೆಗೆದಿದ್ದಾರೆ. ಜ್ವರ ಇಳಿದ ಮೇಲೂ ಅವನು ಯಾರಿಗೂ ಹೆಸರು ಹೇಳಲಿಲ್ಲ. "ಯಾರಿಗೆ ತಿಳಿಸೋಣ?" ಎಂದು ಕೇಳಿದರೆ, "ನನಗ್ಯಾರೂ ಇಲ್ಲ" ಎಂದನಂತೆ. ನಿನ್ನೆಯಷ್ಟೇ ತಾನಾಗಿ ಫೋನು ಕೇಳಿ ತೆಗೆದುಕೊಂಡನಂತೆ.

"ಯಾಕೋ ಹಾಗಂದೆ?" ಎಂದೆ. ಅವನು ಕೇಳಿದ: "ಅಮ್ಮ, ಮಾವ ನನ್ನ ನೋಡಿದ. ದುರ್ಬೀನಲ್ಲಿ ನೋಡಿದ. ಆಮೇಲೆ ಬೋಟು ತಿರುಗಿಸ್ಕೊಂಡು ಹೋದ. ಮತ್ತೆ ಬರಲೇ ಇಲ್ಲ. ನಾನೇನು ಮಾಡಿದ್ದೆ ಅವನಿಗೆ?"

ಸೈರಸ್, ನಾನು ಏನು ಹೇಳಲಿ? ನಿನ್ನ ಉತ್ತರ ಇನ್ನೂ ನನ್ನ ಕೈಗೆ ಬಂದಿಲ್ಲ. ಬಂದಿದ್ದರೂ ಅವನಿಗೆ ಓದಿ ಹೇಳಲಾಗುತ್ತಿತ್ತೇ? ನನ್ನ ಬಾಯಿಗೆ ಬಂದದ್ದು ಇದು: "ನಿಮ್ಮ ಮಾವನಿಗೆ ಕಣ್ಣು ಕಾಣಲ್ಲ ಕಣೋ. ಎರಡು ವರ್ಷದಿಂದ ಪೊರೆ ಬಂದಿದೆ. ಕೆಲಸ ಹೋಗುತ್ತೆ ಅಂತ ಮುಚ್ಚಿಟ್ಟಿದ್ದಾನೆ. ದುರ್ಬೀನು ಹಿಡಿಯೋದು ಬರೀ ಪ್ರವಾಸಿಗರಿಗೆ ತೋರಿಸೋಕೆ." ಅವನು ಅತ್ತ. ಆಸ್ಪತ್ರೆಯ ಫೋನು ಹಿಡಿದು ಹೋ ಎಂದು ಅತ್ತ. "ಹಾಗಾದ್ರೆ ಮಾವ ನನ್ನ ಬಿಟ್ಟು ಹೋಗಲಿಲ್ಲ" ಎಂದ.

ಇನ್ನು ನಿನಗೆ ಕಣ್ಣು ಕಾಣುವುದಿಲ್ಲ. ಕ್ಯಾಪ್ಟನ್ ಕಾಗದ ಹಿಂದಿರುಗಿಸು. ಬೋಟಿನಿಂದ ಇಳಿ. ಗೋಡೆ ಹಿಡಿದು ನಡೆ. ಇದು ಶಿಕ್ಷೆ ಎಂದುಕೊಂಡರೆ ಶಿಕ್ಷೆ, ಮಾಫಿ ಎಂದುಕೊಂಡರೆ ಮಾಫಿ. ಸಾಯುವವರೆಗೂ ಅವನ ಎದುರು ನೀನು ಕುರುಡ.

ವಿನಿಫ್ರೆಡ್

೨೪ ಜುಲೈ. ಅಂಚೆಯ ವಿಮಾನ ಮಂಜಿಗೆ ನಿಂತಿತ್ತು, ಈ ಪತ್ರ ಇಲ್ಲೇ ಉಳಿದಿತ್ತು. ಅಷ್ಟರಲ್ಲಿ ನಿನ್ನದು ಬಂತು. ಶಿಳ್ಳೆಯ ವಿಷಯ ಓದಿದೆ. ದಡದಲ್ಲಿ ಶಿಳ್ಳೆ ಹಾಕಬಾರದೆಂದು ಅವನಿಗೆ ನಾನು ಹೇಳಿಕೊಡಲಿಲ್ಲ. ಇಲ್ಲಿ ಸಿಯಾಟಲಿನಲ್ಲಿ ಯಾವ ನೀರುನಾಯಿ ಎಂದು, ಅಜ್ಜಿಯ ಒಂದು ಮಾತನ್ನೂ ಅವನ ಕಿವಿಗೆ ಹಾಕಲಿಲ್ಲ. ಆ ತಪ್ಪು ನನ್ನದು, ಒಪ್ಪಿಕೊಂಡೆ. ಆದರೆ ಬೋಟು ತಿರುಗಿಸಿದ್ದು ನೀನು.


ಕಾಗೆಬಂಡೆ
೨೧ ಆಗಸ್ಟ್

ಪ್ರೀತಿಯ ಅಕ್ಕ,

ನೀನು ಹೇಳಿದ ಹಾಗೆಯೇ ಮಾಡಿದ್ದೆ. ಕ್ಯಾಪ್ಟನ್ ಕಾಗದ ಹಿಂದಿರುಗಿಸಿದೆ. ಕಣ್ಣು ಎಂದೆ. ಕಂಪನಿಯವರು ಒಂದು ಕೇಕು ಕತ್ತರಿಸಿ ಬೀಳ್ಕೊಟ್ಟರು. ಈಡಿತ್ ಮಾತ್ರ ನನ್ನನ್ನೇ ದಿಟ್ಟಿಸಿ, "ಹೋದ ವಾರ ಅಷ್ಟು ದೂರದ ಹದ್ದಿನ ಗೂಡಲ್ಲಿ ಎರಡು ಮರಿ ಇವೆ ಅಂದೋನು ನೀನೇ ಅಲ್ವಾ?" ಎಂದಳು. ಕೇಕಿನ ತಟ್ಟೆಯನ್ನು ತಡಕಿ ಹಿಡಿದೆ. ಮೂರು ವಾರ ಗೋಡೆ ಹಿಡಿದು ನಡೆದೆ. ಅಂಗಡಿಯಲ್ಲಿ ಸಕ್ಕರೆ ಯಾವುದು, ಉಪ್ಪು ಯಾವುದು ಎಂದು ಕೇಳಿದೆ. ಊರಿನವರಿಗೆ ಕನಿಕರ. ಎಸ್ತರಮ್ಮ ದಿನಾ ಗಂಜಿ ಕಳಿಸುತ್ತಾಳೆ. ತಿನ್ನದೆ ಪಾತ್ರೆ ತೊಳೆದು ಹಿಂದಕ್ಕೆ ಕಳಿಸುತ್ತೇನೆ.

ನಿನ್ನೆ ಮಧ್ಯಾಹ್ನ ಅವನು ಬಂದ. ಬರುತ್ತಾನೆಂದು ನೀನು ತಿಳಿಸಿರಲಿಲ್ಲ, ಬಹುಶಃ ನಿನಗೂ ಹೇಳಿರಲಿಕ್ಕಿಲ್ಲ. ನಾನು ಕೆಳಗೆ ತೇಲುಕಟ್ಟೆಯ ಮೇಲೆ ಬಲೆ ಬಿಡಿಸುತ್ತಾ ಕೂತಿದ್ದೆ. ಊರೂರಿಗೆ ನಿಲ್ಲುವ ದೊಡ್ಡ ಹಡಗು ಬಂದು ನಿಂತಿತು. ಜನ ಇಳಿದರು. ಎಲ್ಲರ ಕೊನೆಗೆ ಒಬ್ಬ, ಕೋಲು ಊರಿಕೊಂಡು, ಬೆನ್ನಿಗೆ ದೊಡ್ಡ ಚೀಲ ಹಾಕಿಕೊಂಡು ಇಳಿದ. ಎರಡು ನೂರು ಹೆಜ್ಜೆ ದೂರ. ನಡಿಗೆ ಬದಲಾಗಿದೆ, ಬಹಳ ಸೊರಗಿದ್ದಾನೆ, ಗಡ್ಡ ಬೋಳಿಸಿದ್ದಾನೆ. ಆದರೂ ನನಗೆ ಅವನು ಒಂದು ಕ್ಷಣಕ್ಕೂ ಬೇರೆಯವನಾಗಿ ಕಾಣಲಿಲ್ಲ.

ಇಳಿಜಾರಿನ ಮೇಲ್ತುದಿಯಲ್ಲಿ ನಿಂತ. ಕರೆಯಲಿಲ್ಲ. ಕೈ ಮೇಲೆತ್ತಿದ. ನನ್ನನ್ನು ಪರೀಕ್ಷೆ ಮಾಡಲೋ, ಕುರುಡನಿಗೆ ಕಾಣುವುದಿಲ್ಲ ಎಂಬುದು ಮರೆತು ಸುಮ್ಮನೆ ಎತ್ತಿದನೋ, ಗೊತ್ತಿಲ್ಲ. ಎತ್ತಿ ಹಾಗೇ ನಿಂತ.

ನೀನು ಹೇಳಿದಂತೆ ನಡೆಯಬೇಕೆಂದರೆ ನಾನು ಏನು ಮಾಡಬೇಕಾಗಿತ್ತು ನೋಡು. ನನ್ನ ಅಳಿಯ ದೂರದಲ್ಲಿ ಕೈ ಎತ್ತಿ ನಿಂತಿದ್ದಾನೆ, ನಾನು ಅವನನ್ನು ಚೆನ್ನಾಗಿ ನೋಡಿ, ನೋಡದವನ ಹಾಗೆ ಮುಖ ತಿರುಗಿಸಬೇಕು. ಅದನ್ನು ನಾನು ಒಮ್ಮೆ ಮಾಡಿದವನು. ಇನ್ನೊಮ್ಮೆ ಮಾಡಲು ನನ್ನಿಂದ ಆಗಲಿಲ್ಲ ಅಕ್ಕ. ಬಲೆ ಬಿಟ್ಟು ಎದ್ದು ನಾನೂ ಕೈ ಎತ್ತಿದೆ.

ಅವನ ಕೈ ಕೆಳಗೆ ಬಿತ್ತು. ಮುಖ ಸುಣ್ಣದ ಹಾಗಾಯಿತು, ಅಷ್ಟು ದೂರದಿಂದಲೂ ಕಾಣಿಸಿತು. ಒಂದೊಂದೇ ಹೆಜ್ಜೆ ಇಟ್ಟು ಕೆಳಗೆ ಬಂದ.

"ನಿನಗೆ ಕಣ್ಣು ಕಾಣಲ್ಲ ಅಂದ್ಲು ಅಮ್ಮ."

"ಕಾಣುತ್ತೆ."

"ಅವತ್ತೂ ಕಾಣ್ತಿತ್ತಾ?"

"ಅವತ್ತೂ ಕಾಣ್ತಿತ್ತು. ನೀನೇ ಅಂತ ಗೊತ್ತಾಯ್ತು."

ಮೀನಿನ ಪೆಟ್ಟಿಗೆಯ ಮೇಲೆ ಕೂತ. ನಾನು ಎಲ್ಲವನ್ನೂ ಹೇಳಿದೆ. ಶಿಳ್ಳೆ, ಅಜ್ಜಿ, ಹೆಣ ಸಿಗದ ಅವನ ದೊಡ್ಡಮಾವ, ಕರಡಿ ಎಂದದ್ದು. ಅವನು ತಡೆಯದೆ ಕೇಳಿದ. ನಂಬಿದ ಎಂದೇ ನನಗನ್ನಿಸಿತು. ಮುಗಿದ ಮೇಲೆ ಹೇಳಿದ: "ನಿನ್ನ ಕಣ್ಣಾಗಿ ಇರೋಣ ಅಂತ ಬಂದೆ ಮಾವ. ನೀನು ಹೇಳಿದ ಕಡೆ ಬೋಟು ಓಡಿಸ್ಕೊಂಡು, ನಿನ್ನ ಕೈ ಹಿಡ್ಕೊಂಡು ಇದ್ಬಿಡೋಣ ಅಂತ ಸಾಮಾನೆಲ್ಲ ಕಟ್ಕೊಂಡು ಬಂದೆ." ಚೀಲವನ್ನು ಕಾಲ ಹತ್ತಿರಕ್ಕೆ ಎಳೆದುಕೊಂಡು, "ಹೆದರಿದ್ದಕ್ಕೆ ಕೋಪ ಇಲ್ಲ. ನಾನೂ ಅಲ್ಲಿ ಹೆದರಿದ್ದೆ. ಆದ್ರೆ ನನ್ನ ಹತ್ರ ಬಂದು, ಹೆದರ್ಕೊಂಡೇ ಒಂದು ಸಲ ನನ್ನ ಹೆಸರು ಕರೀಬೋದಾಗಿತ್ತು" ಎಂದ.

ನಮ್ಮ ಮಾವ ನನಗೆ ಕೊಟ್ಟ ಹೆಸರು ನಿನ್ನದೇ, ಯಾವಾಗ ಬೇಕಾದರೂ ಬಂದು ತೆಗೆದುಕೋ ಎಂದೆ. ತಲೆ ಅಲ್ಲಾಡಿಸಿದ. ಬೇಕೆಂದೋ, ಬೇಡವೆಂದೋ ತಿಳಿಯಲಿಲ್ಲ.

ಹಡಗು ಹೊರಡಲು ಇನ್ನೂ ಕಾಲು ಗಂಟೆ ಇತ್ತು. ಚೀಲ ಬೆನ್ನಿಗೇರಿಸಿಕೊಂಡು ಇಳಿಜಾರು ಹತ್ತಿದ. ಹಿಡಿದುಕೊಳ್ಳಲೆಂದು ತೋಳು ಚಾಚಿದೆ, ಅವನು ಕೋಲನ್ನೇ ಊರಿದ. ಈ ಪತ್ರ ಮುಟ್ಟುವ ಹೊತ್ತಿಗೆ ಅವನೂ ನಿನ್ನ ಬಾಗಿಲಿಗೆ ಬರುತ್ತಾನೆ. ನೀನು ಹೇಳಿದ ಸುಳ್ಳಿಗೆ ನಿನ್ನ ಮೇಲೂ ಸಿಟ್ಟಿದೆ. ಬೈದರೆ ಬೈಸಿಕೋ, ಮೊದಲು ಊಟ ಹಾಕು, ಎಲುಬು ಎಣಿಸುವ ಹಾಗಿದ್ದಾನೆ.

ಹಡಗು ಹೊರಟಿತು. ಅವನು ಹಿಂದಿನ ಕಂಬಿ ಹಿಡಿದು ನಿಂತಿದ್ದ, ನನ್ನ ಕಡೆಗೇ ಮುಖ ಮಾಡಿ. ಕೈ ಎತ್ತಲಿಲ್ಲ. ನಾನು ಕಟ್ಟೆಯ ತುದಿಯಲ್ಲಿ ಕೈ ಎತ್ತಿಕೊಂಡೇ ನಿಂತಿದ್ದೆ. ಹಡಗು ಭೂಶಿರ ತಿರುಗಿ ಮರೆಯಾಗುವವರೆಗೂ ಅವನು ನನಗೆ ಚೆನ್ನಾಗಿ ಕಾಣುತ್ತಿದ್ದ.

ನಿನ್ನ ತಮ್ಮ
ಸೈರಸ್